ರಟ್ಟಿಲ್ಲದ ಪುಸ್ತಕದ ಡ್ರಮ್ಮರ್

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರ ಹತ್ತಿರ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಚಾಮರಾಜನಗರದಲ್ಲಿ ಹತ್ತಿ, ಸೀಟು ಹಿಡಿದು, ಬ್ಯಾಗು ತೊಡೆಯ ಮೇಲೆ ಇಟ್ಟುಕೊಳ್ಳುವವರೆಗೆ ನಾನು ಸಭ್ಯಳೇ. ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ನನ್ನ ಬೆರಳುಗಳು ಮುಂದಿನ ಸೀಟಿನ ಕಂಬಿಯನ್ನು ಬಾರಿಸಲು ಶುರುಮಾಡಿರುತ್ತವೆ. ಹೋದ ತಿಂಗಳು ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, ನರದ ತೊಂದರೆಯಾ ಆಂಟಿ ಎಂದು ಕನಿಕರದಿಂದ ಕೇಳಿದಳು. ಹೌದಮ್ಮ, ನಲವತ್ತೆಂಟು ವರ್ಷದಿಂದ ಇದೆ, ಔಷಧಿ ಇಲ್ಲ ಅಂದೆ. ಅವಳು ಪಾಪ ಯಾವುದೋ ಎಣ್ಣೆಯ ಹೆಸರು ಬರೆದುಕೊಟ್ಟು ಗುಂಡ್ಲುಪೇಟೆಯಲ್ಲಿ ಇಳಿದುಹೋದಳು.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದೆ, ನಿವೃತ್ತಿಯಾಗಿ ಒಂದು ವರ್ಷವಾಯಿತು. ಕುಕ್ಕರ್ ಮುಚ್ಚಳ, ಅಕ್ಕಿ ಡಬ್ಬ, ಆಸ್ಪತ್ರೆಯ ಬೆಂಚು, ಏನು ಸಿಕ್ಕರೂ ಬಾರಿಸುತ್ತೇನೆ. ಉತ್ತರಪತ್ರಿಕೆ ತಿದ್ದುವಾಗ ಕೆಂಪು ಪೆನ್ನು ಮೇಜಿನ ಮೇಲೆ ಕುಣಿಯುತ್ತಿದ್ದರೆ ಮಾರ್ಕ್ಸು ಧಾರಾಳ ಎಂದು ನನ್ನ ಮಕ್ಕಳು ನಂಬಿದ್ದರು. ಮನೆಯ ಮಹಡಿಯ ಮೇಲೆ ಒಂದು ಪೂರ್ತಿ ಡ್ರಮ್ ಸೆಟ್ಟಿದೆ. ಅದನ್ನು ಬಾರಿಸುವಾಗ ನಮ್ಮ ಯಜಮಾನರು ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರ್ ಓದುತ್ತಾರೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರು ಮಾಡಿದ ಏಕೈಕ ಪ್ರತಿಭಟನೆ ಅದು.

ಇದಕ್ಕೆಲ್ಲ ಕಾರಣ ಇಬ್ಬರು. ಒಬ್ಬರು ಹಂಗಳದ ಮಾದಯ್ಯ. ಗುಂಡ್ಲುಪೇಟೆಯಲ್ಲಿ ನಮ್ಮಪ್ಪನ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಊರಿನಲ್ಲಿ ಮದುವೆ, ಹಬ್ಬ, ಸಾವು ಯಾವುದಾದರೂ ತಮಟೆ ಬಾರಿಸುತ್ತಿದ್ದರು. ಇನ್ನೊಬ್ಬ ಇಂಗ್ಲೆಂಡಿನ ಒಬ್ಬ ರಾಕ್ ಡ್ರಮ್ಮರ್. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೇನು, ಅವನು ಯಾವ ಕೈಯಲ್ಲಿ ಹಲ್ಲುಜ್ಜುತ್ತಿದ್ದ ಎನ್ನುವವರೆಗೆ ಗೊತ್ತಿದೆ.

ಅದು ಹೇಗೆ ಅಂದರೆ, ಊಟಿ ರಸ್ತೆಯಲ್ಲಿರುವ ನಮ್ಮೂರಿಗೆ ಊಟಿಯಿಂದ ರದ್ದಿ ಬರುತ್ತಿತ್ತು. ದೊಡ್ಡ ಬಂಗಲೆಗಳಲ್ಲಿ ಯಾರೋ ಓದಿ ಬಿಸಾಡಿದ ಇಂಗ್ಲಿಷ್ ಪುಸ್ತಕ, ಪತ್ರಿಕೆಗಳ ಕಟ್ಟುಗಳು ಘಟ್ಟ ಇಳಿಯುವ ಲಾರಿಗಳಲ್ಲಿ ಬಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ಬೆಲ್ಲ, ಹುಣಸೆಹಣ್ಣು ಕಟ್ಟಲು ಬಳಕೆಯಾಗುತ್ತಿದ್ದವು. ನಮ್ಮ ಮಂಡಿಯ ಪಕ್ಕದ ದಿನಸಿ ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕದ ರಟ್ಟು ಮತ್ತು ಮೊದಲ ಮೂವತ್ತೆರಡು ಪುಟ ಆಗಲೇ ಬೆಲ್ಲದ ಜೊತೆ ಯಾರ‍್ಯಾರದೋ ಮನೆ ಸೇರಿದ್ದವು. ಮಿಕ್ಕಿದ್ದರ ನಡುವೆ ಒಂದು ಫೋಟೋ ಕಂಡಿತು. ತೆಳ್ಳಗಿನ ಹುಡುಗ, ಬೆವರಿನಲ್ಲಿ ಒದ್ದೆಯಾದ ಕೂದಲು, ಸುತ್ತ ಆರೇಳು ಡ್ರಮ್ಮು, ಬಾಯಿ ಆ ಎಂದು ತೆರೆದಿದೆ. ಹಲ್ಲುನೋವೋ ಸಂತೋಷವೋ ತಿಳಿಯುವುದಿಲ್ಲ. ನನಗೆ ಆಗ ಹದಿಮೂರು ವರ್ಷ. ಅಂಗಡಿಯವರನ್ನು ಕಾಡಿ ಬೇಡಿ ಪುಸ್ತಕ ಕಿತ್ತುಕೊಂಡು ಬಂದೆ.

ಪುಸ್ತಕದ ಉದ್ದಕ್ಕೂ ಅವನು ನಾನು, ನಾನು ಎಂದೇ ಬರೆದುಕೊಂಡಿದ್ದ. ಸ್ನೇಹಿತರು ಅವನನ್ನು ಏನೇನೋ ಅಡ್ಡಹೆಸರಿನಿಂದ ಕರೆಯುತ್ತಾರೆ, ನಿಜವಾದ ಹೆಸರು ಮಾತ್ರ ಬೆಲ್ಲಕ್ಕೆ ಹೋಗಿತ್ತು. ಫೋನಿನಲ್ಲಿ ಹುಡುಕಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಹುಡುಕುವುದಿಲ್ಲ. ಹೆಸರು ಸಿಕ್ಕ ದಿನ ಅವನು ಆ ದೇಶದವನಾಗಿಬಿಡುತ್ತಾನೆ. ಈಗ ನಮ್ಮ ಮಂಡಿಯವನು.

ರಜೆಯ ದಿನಗಳಲ್ಲಿ ಅಪ್ಪನಿಗೆ ಊಟದ ಕ್ಯಾರಿಯರ್ ತರುವುದು ನನ್ನ ಕೆಲಸ. ಅಪ್ಪ ಉಂಡು, ಗಲ್ಲಾಪೆಟ್ಟಿಗೆಯ ಮೇಲೆಯೇ ಒರಗಿ ಒಂದು ಗಂಟೆ ನಿದ್ದೆ ಹೊಡೆಯುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಮೂಟೆಗಳ ನೆರಳಲ್ಲಿ ಮಾದಯ್ಯ ಮುದ್ದೆ ಉಣ್ಣುತ್ತಿದ್ದರು. ಉಂಡಾದ ಮೇಲೆ ಖಾಲಿ ಎಣ್ಣೆ ಡಬ್ಬವನ್ನು ಬೋರಲು ಹಾಕಿಕೊಂಡು, ಮುರಿದ ಬಿದಿರಿನ ಮಂಕರಿಯಿಂದ ಎರಡು ಕಡ್ಡಿ ಎಳೆದುಕೊಂಡು ಮೆಲ್ಲಗೆ ಬಾರಿಸುತ್ತಿದ್ದರು. ಬಲಗೈಗೆ ದಪ್ಪನೆಯ ಗಿಡ್ಡ ಕಡ್ಡಿ, ಎಡಗೈಗೆ ಉದ್ದನೆಯ ಬಳುಕುವ ಕಡ್ಡಿ. ನನಗೂ ಕಡ್ಡಿ ಕೊಟ್ಟು ಕೂರಿಸಿದರು. ಬಲಗೈ ಕತೆ ಹೇಳುತ್ತದೆ, ಎಡಗೈ ಹೂಂಗುಟ್ಟುತ್ತದೆ, ಹೂಂಗುಟ್ಟುವುದು ನಿಂತರೆ ಕತೆ ಕೆಡುತ್ತದೆ, ಇಷ್ಟೇ ಅವರ ಪಾಠ. ನಾನು ಇಲ್ಲಿ ಅವರು, ಇವರು ಎಂದು ಬರೆಯುತ್ತಿದ್ದೇನೆ. ಆಗ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗುವೂ ಅಪ್ಪನ ವಯಸ್ಸಿನ ಅವರನ್ನು ಬಾರೋ ಹೋಗೋ ಅನ್ನುತ್ತಿತ್ತು. ನಾನೂ ಅಂದಿದ್ದೇನೆ.

ಡ್ರಮ್ಮರನ ಪುಸ್ತಕವನ್ನು ನಾನು ಓದಿದ್ದು ಆ ಶೆಡ್ಡಿನಲ್ಲೇ, ಮಾದಯ್ಯನಿಗೆ ಕನ್ನಡದಲ್ಲಿ ಹೇಳುತ್ತಾ. ಕನ್ನಡ ಮೀಡಿಯಂ ಹುಡುಗಿ, ಕೈಯಲ್ಲೊಂದು ಹರಕಲು ಡಿಕ್ಷನರಿ. ದಿನಕ್ಕೆ ಒಂದು ಪುಟ, ಒಳ್ಳೆಯ ದಿನ ಎರಡು. ಅರ್ಥವಾಗದ ಕಡೆ ನಾನೇ ಏನಾದರೂ ಸೇರಿಸುತ್ತಿದ್ದೆ. ಹೀಗಾಗಿ ಆ ಮಹಾನುಭಾವನ ಜೀವನದಲ್ಲಿ ಕಾಲು ಭಾಗ ಗುಂಡ್ಲುಪೇಟೆಯಲ್ಲಿ ತಯಾರಾದದ್ದು. ಅವನು ವಾರವೆಲ್ಲ ಬಾರಿಸುತ್ತಿದ್ದ ಹೆಂಡದಂಗಡಿಗಳನ್ನು ನಾನು ನಾಚಿಕೆಯಿಂದ ಹೋಟೆಲು ಎಂದುಬಿಟ್ಟಿದ್ದೆ. ಇಡ್ಲಿ ತಿನ್ನೋರ್ ಮುಂದೆ ಯಾಕ್ ಅಷ್ಟ್ ಜೋರಾಗಿ ಬಾರುಸ್ತನೆ ಎಂದು ಮಾದಯ್ಯ ತುಂಬ ದಿನ ತಲೆ ಕೆಡಿಸಿಕೊಂಡಿದ್ದರು. ಅವನಿಗೆ ಅವರು ಇಟ್ಟ ಹೆಸರು ಬಿಳಿಯಣ್ಣ. ನಾನು ಬರುವುದೇ ತಡ, ಬಿಳಿಯಣ್ಣ ಇವತ್ತು ಏನು ಮಾಡಿದ ಎಂದು ಕೇಳುತ್ತಿದ್ದರು.

ಬಿಳಿಯಣ್ಣ ಕಲ್ಲಿದ್ದಲು ಗಣಿಯ ಊರಿನವನು. ಅಪ್ಪ ರಾತ್ರಿಪಾಳಿ ಮಾಡಿ ಹಗಲು ಮಲಗುವವನು. ಅಮ್ಮ ಬೇರೆಯವರ ಬಟ್ಟೆ ಒಗೆದು ಸಂಸಾರ ನಡೆಸುವವಳು. ಹುಡುಗನಿಗೆ ಬಾರಿಸುವ ಹುಚ್ಚು, ಸದ್ದಾದರೆ ಅಪ್ಪ ಎದ್ದು ಚಚ್ಚುತ್ತಾನೆ. ಅದಕ್ಕೆ ದಿಂಬಿನ ಮೇಲೆ ಅಭ್ಯಾಸ ಮಾಡಿದ. ದಿಂಬಿನ ಮೇಲೆ ಬಿದ್ದ ಕಡ್ಡಿ ವಾಪಸು ಪುಟಿಯುವುದಿಲ್ಲ, ಪ್ರತಿ ಏಟಿಗೂ ಕೈಯನ್ನು ತಾನೇ ಎತ್ತಬೇಕು, ಹಾಗಾಗಿ ಮಣಿಕಟ್ಟು ಕಬ್ಬಿಣವಾಯಿತು ಎಂದು ಬರೆದಿದ್ದ. ಅದನ್ನು ಓದಿದ ದಿನವೇ ನಾನು ಈರುಳ್ಳಿ ಮೂಟೆಯ ಮೇಲೆ ಬಾರಿಸಲು ಶುರುಮಾಡಿದೆ. ಮಣಿಕಟ್ಟು ಕಬ್ಬಿಣವಾಗಲಿಲ್ಲ, ಮೂರು ಮೂಟೆಯ ಈರುಳ್ಳಿ ಜಜ್ಜಿಹೋಗಿ ನಾರಿತು. ಇಲಿ ಕಾಟ ಎಂದು ಅಪ್ಪ ಬೋನು ಇಟ್ಟರು.

ಅವನಿಗೆ ಮೊದಲ ಡ್ರಮ್ಮು ಸಿಕ್ಕಿದ್ದು ಸೈನ್ಯದ ಬ್ಯಾಂಡಿನಲ್ಲಿದ್ದ ಒಬ್ಬ ಮುದುಕನಿಂದ. ಕರುವಿನ ಚರ್ಮ ಕಟ್ಟಿದ್ದು. ಇಂಗ್ಲೆಂಡಿನಲ್ಲಿ ಸದಾ ಥಂಡಿ, ಚರ್ಮ ಸಡಿಲವಾಗಿ ಸದ್ದು ಸತ್ತುಹೋಗುತ್ತಿತ್ತು. ಬಾರಿಸುವ ಮುಂಚೆ ಅವನು ಅಡಿಗೆಮನೆಯ ಇದ್ದಿಲು ಒಲೆಯ ಮುಂದೆ ಕೂತು, ಡ್ರಮ್ಮನ್ನು ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದ. ನಾನು ಈ ಪುಟವನ್ನು ಹೇಳುತ್ತಿದ್ದಾಗ ಮಾದಯ್ಯನ ಕೈ ಮುದ್ದೆಯ ಮೇಲೆಯೇ ನಿಂತಿತು.

"ಅಲ್ಲೂವೆ ದನದ್ದೇಯಾ ಕೂಸು?" ಅಂದರು.

ಹೌದು ಅಂದೆ.

"ಬೆಂಕಿಗ್ ಇಡುದ್ರೇ ಮಾತಾಡೋದಾ?"

ಅದಕ್ಕೂ ಹೌದು ಅಂದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದುತ್ತಾ, "ಅಂಗಾರೆ ನಮ್ಮೋನೆ ಬುಡು" ಅಂದರು. ಆ ಮುಖವನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ದೂರದ ನೆಂಟರೊಬ್ಬರು ದೊಡ್ಡ ಕೆಲಸದಲ್ಲಿದ್ದಾರೆ ಎಂದು ಗೊತ್ತಾದವರ ಸಂತೋಷ ಅದರಲ್ಲಿತ್ತು.

ಕೆಲವು ಪುಟಗಳ ನಂತರ ಪ್ಲಾಸ್ಟಿಕ್ ಬಂತು. ಮಳೆಗೂ ಥಂಡಿಗೂ ಹೆದರದ ಹೊದಿಕೆ ಬಂದು ಎಲ್ಲರ ಡ್ರಮ್ಮಿನ ಮೇಲೂ ಕೂತಿತು, ಕೆಲಸ ಸುಲಭವಾಯಿತು, ಒಲೆಯ ಮುಂದೆ ಅಮ್ಮನ ಜೊತೆ ಹರಟುವ ಅರ್ಧ ಗಂಟೆ ತಪ್ಪಿಹೋಯಿತು ಎಂದು ಬಿಳಿಯಣ್ಣ ಬರೆದುಕೊಂಡಿದ್ದ. ಮುಂದೆ ಅವನು ಇನ್ನೂ ನಾಲ್ವರ ಜೊತೆ ಲಂಡನ್ನಿಗೆ ಹೋದ. ಒಂದೇ ವ್ಯಾನಿನಲ್ಲಿ ಐದು ಜನ, ಸಾಮಾನು, ಒಂದು ನಾಯಿ. ಹೆಸರು ಬಂತು. ಹುಡುಗಿಯರು ಕಿರುಚಿ ಮೂರ್ಛೆ ಹೋದರು. ಈ ಭಾಗವನ್ನು ನಾನು ಮಾದಯ್ಯನಿಗೆ ಸರಿಯಾಗಿ ಹೇಳಲಿಲ್ಲ, ದೇವರು ಬರುತ್ತಿತ್ತು ಎಂದು ಚುಟುಕಾಗಿ ಮುಗಿಸಿದೆ. ತಮಟೆ ಜೋರಾದರೆ ಬಂದೇ ಬರುತ್ತದೆ ಎಂದು ಅವರು ಒಪ್ಪಿಕೊಂಡರು.

ಆಮೇಲೆ ಬಂತು ಆ ಟೀವಿಯ ಪುಟ. ಅವರ ಒಂದು ಹಾಡು ದೇಶದಲ್ಲೆಲ್ಲ ಮೊಳಗುತ್ತಿದ್ದ ಕಾಲ. ಆದರೆ ಆ ಹಾಡಿನ ರೆಕಾರ್ಡಿನಲ್ಲಿ ಡ್ರಮ್ಮು ಬಾರಿಸಿದವನು ಇವನಲ್ಲ. ಇವನ ಏಟು ಒರಟು ಎಂದು ಕಂಪನಿಯವರು ಬೇರೆ ಯಾರನ್ನೋ ಕರೆದು ಬಾರಿಸಿಕೊಂಡಿದ್ದರು. ಟೀವಿಯಲ್ಲಿ ರೆಕಾರ್ಡು ಹಾಕುತ್ತೇವೆ, ನೀನು ಸುಮ್ಮನೆ ಕೈ ಆಡಿಸು ಅಂದರು. ಇವನು ಹೋಗಿ ಡ್ರಮ್ಮುಗಳ ನಡುವೆ ಕೂತ. ಹಾಡು ಶುರುವಾಯಿತು. ಇವನು ಕೈಕಟ್ಟಿ ಕೂತುಬಿಟ್ಟ. ಡ್ರಮ್ಮಿನ ಸದ್ದು ಬರುತ್ತಿದೆ, ಡ್ರಮ್ಮರ್ ಕೈಕಟ್ಟಿ ಕೂತಿದ್ದಾನೆ, ಇಡೀ ದೇಶ ನೋಡುತ್ತಿದೆ. ಮಾರನೆಯ ದಿನ ಅವನನ್ನು ತಂಡದಿಂದ ತೆಗೆದುಹಾಕಿದರು. ಅವನು ತನ್ನ ಊರಿಗೆ ವಾಪಸಾಗಿ ಹತ್ತು ವರ್ಷ ಹಾಲಿನ ಗಾಡಿ ಓಡಿಸಿದ. ಗಾಡಿಯಲ್ಲಿ ಸೀಸೆಗಳು ಟಿಣ್ ಟಿಣ್ ಎನ್ನುವುದಕ್ಕೆ ಬಾಯಲ್ಲೇ ತಾಳ ಹಾಕುತ್ತಿದ್ದ. ಶನಿವಾರ ಶನಿವಾರ ಊರಿನ ಸಣ್ಣ ಹೆಂಡದಂಗಡಿಯಲ್ಲಿ ನಲವತ್ತು ಜನರ ಮುಂದೆ ಬಾರಿಸುತ್ತಿದ್ದ. ಬಲಗಿವಿ ಕೇಳಿಸದಂತಾಯಿತು, ಎಡಗಿವಿಯನ್ನು ಹಾಡುವವರ ಕಡೆ ತಿರುಗಿಸಿ ಕೂತು ಬಾರಿಸಿದ.

ಹದಿಮೂರರಲ್ಲಿ ನನಗೆ ಅವನು ದೇವರಾಗಿದ್ದ. ನಲವತ್ತರಲ್ಲಿ, ಮನೆ ಸಾಲ, ವರ್ಗಾವಣೆ ಎಂದು ಅಲೆಯುವಾಗ, ಎಂಥ ದಡ್ಡ, ಸುಮ್ಮನೆ ಮೂರು ನಿಮಿಷ ಕೈ ಆಡಿಸಿದ್ದರೆ ಏನು ಗಂಟು ಹೋಗುತ್ತಿತ್ತು ಅನ್ನಿಸಿತ್ತು. ಮಾದಯ್ಯನ ಅಭಿಪ್ರಾಯ ಮಾತ್ರ ಅವತ್ತು ಹೇಗಿತ್ತೋ ಇವತ್ತಿಗೂ ಹಾಗೇ ಇದೆ. ಸರಿಯಾಗಿ ಮಾಡಿದ ಅಂದಿದ್ದರು. ಅಂದು ತಮ್ಮದೊಂದು ಕತೆ ಹೇಳಿದ್ದರು. ಯಾರೋ ದೊಡ್ಡವರ ಮನೆಯ ಮದುವೆಯಲ್ಲಿ ಇವರನ್ನು ಚಪ್ಪರದ ಹೊರಗೆ, ತುಂತುರು ಮಳೆಯಲ್ಲಿ ನಿಲ್ಲಿಸಿದ್ದರಂತೆ. ಮೆರವಣಿಗೆ ಹೊರಟಾಗ ಸದ್ದೇ ಇಲ್ಲ, ಅನ್ನ ತಿಂದಿಲ್ಲವಾ ಎಂದು ಬೈದರಂತೆ. ಇವರು ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹುಲ್ಲಿಗೆ ಬೆಂಕಿ ಹಚ್ಚಿ, ನಿಧಾನಕ್ಕೆ ತಮಟೆ ಕಾಯಿಸಿದರಂತೆ. ಗಂಡಿನ ಕಾರು ಹಿಂದೆ ನಿಂತು ಹಾರ್ನು ಹೊಡೆಯುತ್ತಿತ್ತಂತೆ. ಕಾಯಬೇಕಾದ್ದು ಕಾದ ಮೇಲೆಯೇ ಎದ್ದರಂತೆ.

ಈಗ ನಾನು ಬರೆಯಲು ಇಷ್ಟವಿಲ್ಲದ ಒಂದು ಸಂಗತಿ ಬರೆಯಬೇಕು. ಒಂದು ದಿನ ಮಾದಯ್ಯ ಯಾವುದೋ ಹಬ್ಬಕ್ಕೆಂದು ತಮ್ಮ ತಮಟೆಯನ್ನು ಮಂಡಿಗೆ ತಂದು ಶೆಡ್ಡಿನ ಮೂಲೆಯಲ್ಲಿಟ್ಟಿದ್ದರು. ಅವರು ಲಾರಿಗೆ ಮೂಟೆ ಹಾಕಲು ಹೋಗಿದ್ದಾಗ ನಾನು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಡಬ್ಬ ಬಾರಿಸಿ ಬಾರಿಸಿ ಸಾಕಾಗಿತ್ತು. ನಾಲ್ಕು ಏಟು ಹಾಕಿದೆ. ಎದೆಯೊಳಗೆ ಏನೋ ಎದ್ದು ನಿಂತಂತಾಯಿತು. ಐದನೆಯ ಏಟಿಗೆ ನಮ್ಮಣ್ಣ ಗುರುಸ್ವಾಮಿ ಬಾಗಿಲಲ್ಲಿ ನಿಂತಿದ್ದ. ನನಗಿಂತ ಮೂರು ವರ್ಷ ದೊಡ್ಡವನು, ಮನೆಯಲ್ಲಿ ಸುದ್ದಿ ಮುಟ್ಟಿಸುವ ಇಲಾಖೆ ಅವನದು.

ಕತ್ತಿನಲ್ಲಿ ಲಿಂಗ ಕಟ್ಟಿಕೊಂಡ ಹುಡುಗಿ ದನದ ಚರ್ಮ ಮುಟ್ಟಿದಳು ಎಂದು ಅಜ್ಜಿ ಹಿತ್ತಲಲ್ಲಿ ನಿಲ್ಲಿಸಿ ತಣ್ಣೀರು ಸುರಿದರು. ಆಮೇಲೆ ಗಂಜಲ ಚಿಮುಕಿಸಿದರು. ಹಸುವಿನ ಚರ್ಮದ ಮೈಲಿಗೆಗೆ ಹಸುವಿನದೇ ಗಂಜಲ ಮದ್ದು, ಈ ಲೆಕ್ಕ ನನಗೆ ಮೂವತ್ತೈದು ವರ್ಷ ಪಾಠ ಮಾಡಿದ ಮೇಲೂ ಬಿಡಿಸಲು ಬಂದಿಲ್ಲ. ಸಂಜೆ ಅಪ್ಪ ಬಂದು ಒಂದೇ ಪ್ರಶ್ನೆ ಕೇಳಿದರು. ನೀನೇ ಮುಟ್ಟಿದೆಯೋ, ಅವನು ಕೊಟ್ಟನೋ. ನಾನು ನೆಲ ನೋಡಿಕೊಂಡು, ಅವನೇ ಕೊಟ್ಟ ಅಂದೆ.

ಮಾರನೆಯ ದಿನದಿಂದ ಮಾದಯ್ಯ ನಮ್ಮ ಮಂಡಿಗೆ ಬರಲಿಲ್ಲ. ಸಂತೆಯ ಆಚೆ ಬದಿಯ ಇನ್ನೊಂದು ಮಂಡಿಯಲ್ಲಿ ಮೂಟೆ ಹೊರುತ್ತಿದ್ದುದನ್ನು ದೂರದಿಂದ ನೋಡಿ ನಾನು ಬೇರೆ ಬೀದಿಯಲ್ಲಿ ತಿರುಗಿ ಹೋಗುತ್ತಿದ್ದೆ. ಪುಸ್ತಕದ ಕೊನೆಯ ಅಧ್ಯಾಯವನ್ನು ಒಬ್ಬಳೇ ಓದಿದೆ. ಏನೂ ರುಚಿಸಲಿಲ್ಲ.

ಟೀಚರ್ ಕೆಲಸ ಸಿಕ್ಕ ಮೇಲೆ, ಮೊದಲ ಸಂಬಳದ ವಾರದಲ್ಲಿ, ಹಂಗಳಕ್ಕೆ ಬಸ್ಸು ಹತ್ತಿ ಅವರ ಬೀದಿಗೆ ಹೋಗಿ, ಅವರ ಜಗುಲಿಯ ಮೇಲೆ ಕೂತು, ನೀವು ನನ್ನನ್ನು ಕ್ಷಮಿಸಬೇಕು ಅಂದೆ. ನೀವು ಎನ್ನುವುದನ್ನು ಕೇಳಿ ಅವರು ಹಿಂದೆ ಯಾರು ಬಂದರು ಎಂದು ತಿರುಗಿ ನೋಡಿದರು. ಆಮೇಲೆ ನಕ್ಕು, ಬಿಳಿಯಣ್ಣ ಕೊನೆಗೆ ಏನಾದ ಎಂದು ಕೇಳಿದರು. ಇಷ್ಟೂ ವರ್ಷ ಅವರಿಗೆ ಅದೊಂದೇ ಕೊರಗು ಇದ್ದಂತೆ. ಹಾಲಿನ ಗಾಡಿಯ ಆ ಕೊನೆಯ ಅಧ್ಯಾಯ ಹೇಳಿದೆ. ಅವರ ಹೆಂಡತಿ ಕೊಟ್ಟ ನೀರು ಕುಡಿದು, ಕಡ್ಲೆಕಾಯಿ ತಿಂದು, ಕೊನೆಯ ಬಸ್ಸಿಗೆ ಬಂದೆ.

ಡ್ರಮ್ ಸೆಟ್ಟು ಬಂದದ್ದು ಅದಾದ ಕೆಲವು ವರ್ಷಕ್ಕೆ. ಮೈಸೂರಿನಲ್ಲಿ ಒಂದು ಆರ್ಕೆಸ್ಟ್ರಾ ಮುಚ್ಚಿಹೋಯಿತು, ಅವರ ಸೆಟ್ಟನ್ನು ಕೊಂಡು ಖಾಲಿ ವಾಪಸಾಗುತ್ತಿದ್ದ ಈರುಳ್ಳಿ ಲಾರಿಯಲ್ಲಿ ಹಾಕಿಸಿದೆ. ಮೊದಲ ತಿಂಗಳೆಲ್ಲ ಡ್ರಮ್ಮಿನಿಂದ ಒಣ ಈರುಳ್ಳಿ ಸಿಪ್ಪೆ ಹಾರುತ್ತಿತ್ತು. ಮಾದಯ್ಯ ನೋಡಲು ಬಂದರು. ಮಹಡಿ ಹತ್ತಿ, ಒಂದೊಂದನ್ನೂ ಉಗುರಿನಿಂದ ಕೆರೆದು, ಬಗ್ಗಿ ಮೂಸಿ, ಇದು ಪ್ಲಾಸ್ಟಿಕ್ಕು ಕಣ್ ಕೂಸು ಅಂದರು. ಹೌದು ಅಂದೆ. ಪರವಾಗಿಲ್ಲ, ಮಳೆಗಾಲದಲ್ಲೂ ಬಾರಿಸಬಹುದು ಎಂದು ಸಮಾಧಾನ ಹೇಳಿದರು.

ಅಣ್ಣನೂ ನೋಡಲು ಬಂದ. ಮೆಟ್ಟಿಲ ಬುಡದಲ್ಲಿ ನಿಂತು, ಅದೆಲ್ಲಾ ಚರ್ಮವಾ ಎಂದು ಕೇಳಿದ. ಅಲ್ಲ, ಪ್ಲಾಸ್ಟಿಕ್ಕು ಎಂದು ಒಂದು ಮಾತು ಹೇಳಿದ್ದರೆ ಅವನು ಹತ್ತಿ ಬರುತ್ತಿದ್ದ. ನನ್ನ ಬಾಯಿಂದ ಆ ಮಾತು ಬರಲಿಲ್ಲ. ಪ್ಲಾಸ್ಟಿಕ್ಕು ಆದ್ದರಿಂದ ಪರವಾಗಿಲ್ಲ ಅಂದರೆ, ಚರ್ಮವಾಗಿದ್ದರೆ ತಪ್ಪಾಗುತ್ತಿತ್ತು ಎಂದು ಒಪ್ಪಿದ ಹಾಗೆ. ಆ ತಪ್ಪಿಗೇ ಅಲ್ಲವೇ ಮಾದಯ್ಯನ ಕೆಲಸ ಹೋದದ್ದು. ಅವತ್ತಿನಿಂದ ಅಣ್ಣ ನಮ್ಮ ಮನೆಗೆ ಬಂದಾಗಲೆಲ್ಲ ಕೆಳಗೇ ಕಾಫಿ ಕುಡಿದು ಹೋಗುತ್ತಾನೆ. ಹಟದ ವಿಷಯದಲ್ಲಿ ನಾವು ಅಣ್ಣತಂಗಿ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದರಲ್ಲಿ ಸಂಶಯವಿಲ್ಲ.

ಸೆಟ್ಟು ಹೊತ್ತುಕೊಂಡು ನಾನು ಎಲ್ಲೆಲ್ಲಿ ಹೋಗಿಲ್ಲ. ಶಾಲಾ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ರಾಜ್ಯೋತ್ಸವದ ಆರ್ಕೆಸ್ಟ್ರಾ. ಸೀರೆ ಎತ್ತಿ ಸಿಕ್ಕಿಸಿಕೊಂಡು ಡ್ರಮ್ಮು ಬಾರಿಸುವ ಟೀಚರಮ್ಮ ಎಂದು ಅರ್ಧ ಜಿಲ್ಲೆಗೆ ಪರಿಚಯ. ನಮ್ಮ ಸಮಾಜದ ಕಲ್ಯಾಣ ಮಂಟಪದ ವೇದಿಕೆಗೆ ಮಾತ್ರ ಒಂದು ದಿನವೂ ಕರೆಯಲಿಲ್ಲ. ನನಗೆ ಆಸೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇರೆಯವರ ಚಪ್ಪಾಳೆ ಎಷ್ಟು ಸಿಕ್ಕರೂ, ಹಿತ್ತಲಲ್ಲಿ ನಿಲ್ಲಿಸಿ ನೀರು ಸುರಿದವರ ಮುಂದೆ ಒಂದು ಸಲ ಬಾರಿಸಬೇಕು ಎಂದು ನಾನು ಹಟ ಹಿಡಿದು ಕಾದಿದ್ದೆ. ಬೆರಳಿನ ಗಿಣ್ಣುಗಳು ಈಗೀಗ ಬೆಳಗಿನ ಹೊತ್ತು ಊದಿಕೊಳ್ಳುತ್ತವೆ. ಇನ್ನು ಬಹಳ ವರ್ಷ ಉಳಿದಿಲ್ಲ ಎಂದು ಗೊತ್ತಿತ್ತು.

ಈ ವರ್ಷ ಕರೆ ಬಂತು. ಮಂಟಪದ ವಾರ್ಷಿಕೋತ್ಸವ, ಭಾನುವಾರ ಮಧ್ಯಾಹ್ನ, ಮಹಿಳೆಯರ ವಾದ್ಯಗೋಷ್ಠಿ. ಹಾಡಲು ಒಬ್ಬರು, ಕೀಬೋರ್ಡಿಗೆ ಒಬ್ಬರು, ಡ್ರಮ್ಮಿಗೆ ನಾನು, ಮೂವರೂ ನಿವೃತ್ತ ಟೀಚರುಗಳು. ಕರೆದವನು ಕಾರ್ಯದರ್ಶಿ ಪರಶಿವಮೂರ್ತಿ, ನನ್ನ ಹಳೆಯ ವಿದ್ಯಾರ್ಥಿ. ಎರಡು ದಿನ ಬಿಟ್ಟು ಮತ್ತೆ ಬಂದ, ಮುಖ ಸಪ್ಪಗಿತ್ತು. ಸಮಿತಿಯಲ್ಲಿ ತಕರಾರು ಎದ್ದಿದೆಯಂತೆ. ಮಠದ ಗದ್ದುಗೆಯ ಫೋಟೋ ಇಟ್ಟು ಪೂಜೆ ಮಾಡುವ ವೇದಿಕೆಗೆ ಚರ್ಮ ಹತ್ತುವ ಹಾಗಿಲ್ಲ ಎಂದು ಖಜಾಂಚಿ ಹೇಳಿದರಂತೆ. ಖಜಾಂಚಿ ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ, ನಮ್ಮಣ್ಣ. ಹೋದ ವರ್ಷ ಅದೇ ವೇದಿಕೆಯಲ್ಲಿ ಹರಿಕಥೆಗೆ ಮೃದಂಗ ಬಾರಿಸಿದರಲ್ಲ, ಅದಕ್ಕೇನು ಹಾಗಲಕಾಯಿ ಸಿಪ್ಪೆ ಕಟ್ಟಿದ್ದರಾ ಎಂದು ಕೇಳಿದೆ. ಅದು ಸಂಗೀತ ಅಲ್ಲವಾ ಮೇಡಂ ಅಂದ. ಪಾಪ, ಲೆಕ್ಕದಲ್ಲೂ ಅವನು ಹೀಗೇ, ಉತ್ತರ ಮೊದಲು ಬರೆದು ಆಮೇಲೆ ದಾರಿ ಹುಡುಕುತ್ತಿದ್ದ.

ಆದರೆ ಅವನು ಬುದ್ಧಿವಂತನಾಗಿಯೇ ಬಂದಿದ್ದ. ಫೋನು ತೆಗೆದು ತೋರಿಸಿದ, ಈಗಿನ ಡ್ರಮ್ಮುಗಳೆಲ್ಲ ಪ್ಲಾಸ್ಟಿಕ್ಕಂತೆ.

"ಮೇಡಂ, ಪ್ಲಾಸ್ಟಿಕ್ಕು ಅಂತ ಒಂದ್ ಮಾತ್ ಯೇಳ್ಬುಡಿ, ಮುಗೀತು. ಖಜಾಂಚಿಗಳೂ ಅಷ್ಟಕ್ಕೆ ಒಪ್ಕೊಂಡವ್ರೆ."

ಹೇಳುವುದಿಲ್ಲ ಅಂದೆ. ಹಾಗಾದರೆ ಚರ್ಮವೇನಾ ಅಂದ. ಅದನ್ನೂ ಹೇಳುವುದಿಲ್ಲ ಅಂದೆ. ಅವನು ತಲೆ ಕೆರೆದುಕೊಂಡು, ನೀವು ಸುಮ್ಮನಿರಿ ಮೇಡಂ, ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂದು ಹೋದ. ಆ ಹೇಗೋ ನನಗೆ ಹಿಡಿಸಲಿಲ್ಲ.

ಮಾದಯ್ಯನಿಗೆ ಈಗ ಎಂಬತ್ತು ದಾಟಿದೆ. ಕಾರ್ಯಕ್ರಮಕ್ಕೆ ಅವರು ಬರಲೇಬೇಕು ಎಂದು ಹಂಗಳಕ್ಕೆ ಹೋಗಿ ಕರೆದೆ, ನಡೆದದ್ದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಎಲೆಯಡಿಕೆಯನ್ನು ನೋಡಿಕೊಂಡು, "ಯೇಳ್ಬುಡಿ ಅತ್ಲಾಗೆ. ನಂಗೇನ್ ಬೇಜಾರಿಲ್ಲ" ಅಂದರು. ನನ್ನ ಮುಖ ನೋಡಿ ಹೇಳಿದ್ದರೆ ನಂಬುತ್ತಿದ್ದೆನೋ ಏನೋ. ನನಗೆ ಬೇಜಾರಿದೆ ಮಾದಯ್ಯ ಅಂದೆ. ಅಂದು ಅಳು ಬಂತು, ಅರವತ್ತೊಂದರ ಮುದುಕಿಗೆ. ಅವರು ಬೇರೆ ಕಡೆ ತಿರುಗಿ ಕೂತು ಅಡಿಕೆ ಕತ್ತರಿಸಿದರು.

ಭಾನುವಾರ ಮಂಟಪ ತುಂಬಿತ್ತು. ಸೆಟ್ಟು ವೇದಿಕೆಯ ಮೇಲೆ ಪರದೆಯ ಹಿಂದೆ ಕೂತಿತ್ತು. ಮಾದಯ್ಯ ಬಿಳಿ ಪಂಚೆ ಉಟ್ಟು, ಎಷ್ಟು ಹೇಳಿದರೂ ಮುಂದೆ ಬಾರದೆ, ಹಿಂದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಅಣ್ಣ ಸಮಿತಿಯವರ ಜೊತೆ ಮೊದಲ ಸಾಲಿನಲ್ಲಿದ್ದ. ಪರದೆ ಸರಿಯಿತು. ಪರಶಿವಮೂರ್ತಿ ಮೈಕು ಹಿಡಿದು ನಮ್ಮ ಮೂವರನ್ನೂ ಹೊಗಳಿದ, ನನ್ನ ಪಾಠದ ರೀತಿಯನ್ನು ಹೊಗಳಿದ, ಆಮೇಲೆ ಗಂಟಲು ಸರಿಮಾಡಿಕೊಂಡು, ಸಭೆಯ ಗಮನಕ್ಕೆ ಒಂದು ವಿಷಯ ಎಂದು ಶುರುಮಾಡಿದ. ಇಲ್ಲಿರುವ ಡ್ರಮ್ಮುಗಳಲ್ಲಿ ಚರ್ಮವಿಲ್ಲ, ಪೂರ್ತಿ ಪ್ಲಾಸ್ಟಿಕ್ಕು, ಯಾರೂ ಅನ್ಯಥಾ ಭಾವಿಸಬಾರದು ಅಂದ. ಅಣ್ಣ ಸಮಾಧಾನದಿಂದ ಕುರ್ಚಿಗೆ ಒರಗಿದ. ಹಿಂದಿನ ಬಾಗಿಲ ಪಕ್ಕ ಮಾದಯ್ಯ ತಲೆ ಬಗ್ಗಿಸಿದ್ದರು.

ಬಿಳಿಯಣ್ಣನಾಗಿದ್ದರೆ ಕೈಕಟ್ಟಿ ಕೂರುತ್ತಿದ್ದ. ಆದರೆ ನಾನು ಬಾರಿಸದೆ ಇಳಿಯಲು ಹತ್ತಿದವಳಲ್ಲ. ಎದ್ದು ಹೋಗಿ ಪರಶಿವಮೂರ್ತಿಯ ಕೈಯಿಂದ ಮೈಕು ತೆಗೆದುಕೊಂಡೆ. ಅವನು ಹತ್ತನೇ ಕ್ಲಾಸಿನಲ್ಲಿ ಸೀಮೆಸುಣ್ಣ ಕೊಡುತ್ತಿದ್ದಷ್ಟೇ ವಿಧೇಯತೆಯಿಂದ ಕೊಟ್ಟ.

"ಕಾರ್ಯದರ್ಶಿಗಳಿಗೆ ಗೊತ್ತಿಲ್ಲ. ಇದು ಚರ್ಮ, ದನದ ಚರ್ಮ. ನನಗೆ ಬಾರಿಸೋದು ಕಲಿಸಿದ ಗುರುಗಳು ಮಾದಯ್ಯನೋರು ಅಲ್ಲಿ ಬಾಗಿಲ ಹತ್ರ ಕೂತವ್ರೆ. ಅವತ್ತು ತಮಟೆ ಅವರು ಕೊಡಲಿಲ್ಲ, ನಾನೇ ಎತ್ಕೊಂಡೆ."

ಕೊನೆಯ ಮಾತು ಸಭೆಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವರು ಆ ಮಂಟಪದಲ್ಲಿ ಇಬ್ಬರೇ ಇದ್ದರು. ಒಬ್ಬರು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದ್ದವರು ಅವರು, ನಗುತ್ತಿದ್ದರೋ ಏನೋ ದೂರದಿಂದ ಕಾಣಲಿಲ್ಲ. ಇನ್ನೊಬ್ಬ ಎದ್ದು ನಿಂತ.

ನಾನು ಹೋಗಿ ಕೂತು, ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸಿ, ಕಾಲಿನಿಂದ ದೊಡ್ಡ ಡ್ರಮ್ಮನ್ನು ತುಳಿದೆ. ಕೀಬೋರ್ಡಿನವರು ಗಾಬರಿಯಲ್ಲಿ ಒಂದು ಕ್ಷಣ ತಡಮಾಡಿ ಸೇರಿಕೊಂಡರು. ಸುಮಾರು ಮುನ್ನೂರು ಜನರಿದ್ದರು. ಕೆಲವರು ಏಳತೊಡಗಿದರು. ಲೆಕ್ಕದ ಟೀಚರ್, ಸುಮ್ಮನಿರಲಾಗುತ್ತದೆಯೇ, ಬಾರಿಸುತ್ತಲೇ ಎಣಿಸಿದೆ. ಹನ್ನೊಂದು. ಮಿಕ್ಕವರು ಕೂತಿದ್ದರು. ಎಲ್ಲರೂ ನನ್ನ ಪರ ಎಂದು ನಾನು ಹೇಳುವುದಿಲ್ಲ, ಊಟ ಇನ್ನೂ ಬಡಿಸಿರಲಿಲ್ಲ.

ಆ ಹನ್ನೊಂದರಲ್ಲಿ ಅಣ್ಣನೂ ಒಬ್ಬ. ಮೊದಲ ಸಾಲಿನಿಂದ ಹಿಂದಿನ ಬಾಗಿಲವರೆಗೆ ಆ ಉದ್ದನೆಯ ಮಂಟಪವನ್ನು ಪೂರ್ತಿ ನಡೆಯಬೇಕಿತ್ತು. ಬೆನ್ನು ಸೆಟೆಸಿ, ಪಂಚೆಯ ತುದಿ ಹಿಡಿದು, ಯಾರನ್ನೂ ನೋಡದೆ, ತುಂಬಿದ ಸಿಟ್ಟಿನಲ್ಲಿ ನಡೆಯುತ್ತಿದ್ದ. ನಾನು ಅವನನ್ನೇ ನೋಡುತ್ತಾ ಬಾರಿಸುತ್ತಿದ್ದೆ. ಆಗ ಕಂಡಿತು, ಅವನ ಒಂದೊಂದು ಹೆಜ್ಜೆಯೂ ನನ್ನ ಡ್ರಮ್ಮಿನ ಏಟಿಗೆ ಸರಿಯಾಗಿ ಬೀಳುತ್ತಿತ್ತು. ನಾನು ಸ್ವಲ್ಪ ವೇಗ ಹೆಚ್ಚಿಸಿದೆ. ಅವನೂ ಬೇಗ ಬೇಗ ನಡೆದ.